ಕೈ ಹಾಕದೆ ಕೂತ ಭಾನುವಾರ

ಮೀಟಿಂಗ್ ರೂಮಿನ ಬಿಳಿ ಹಲಗೆಯ ಮೇಲೆ ಮ್ಯಾನೇಜರ್ ಎರಡು ಚೌಕ ಬರೆದರು. ಒಂದರೊಳಗೆ ‘ಡೆವ್‌ಆಪ್ಸ್’, ಇನ್ನೊಂದರೊಳಗೆ ‘ವೆಂಡರ್’. ‘ಸಿಸ್ಟಮ್ ಅಡ್ಮಿನ್’ ಎಂಬ ನನ್ನ ಹುದ್ದೆಯ ಚೌಕ ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ಎಲ್ಲಾದರೂ ಸಣ್ಣಕ್ಷರದಲ್ಲಿ ಬರೆದಿದ್ದಾರೋ ಎಂದು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಇರಲಿಲ್ಲ.

“ಬಘಾ, ಸಿಂಪಲ್ ಹೈ,” ಎಂದರು ಮ್ಯಾನೇಜರ್. ಮರಾಠಿಯಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುವುದು ಅವರ ಅಭ್ಯಾಸ. ಅವರು ಹೇಳಿದ್ದರ ಸಾರಾಂಶ ಇಷ್ಟು: ದೀಪಾವಳಿಯೊಳಗೆ ಉರಣ್ ಕಡೆಯ ಕಂಟೇನರ್ ಯಾರ್ಡನ್ನು ಹೊಸ ಪದ್ಧತಿಗೆ ತಂದರೆ ನಾನು ಮೊದಲ ಚೌಕದೊಳಗೆ, ಅಂದರೆ ಆ ಪದ್ಧತಿ ನಡೆಸುವ ಕಂಪನಿಯದೇ ತಂಡದೊಳಗೆ. ತರದಿದ್ದರೆ ಎರಡನೆಯದು. ಎರಡನೆಯದು ಅಂದರೆ ಗುತ್ತಿಗೆದಾರನ ಕೈಕೆಳಗೆ, ಅವನು ಕಳಿಸಿದ ಕಡೆ, ಅವನು ಇಟ್ಟುಕೊಂಡಷ್ಟು ದಿನ. ನನಗಾಗ ನಲವತ್ತಾರು. ಆ ವಯಸ್ಸಿನಲ್ಲಿ ಇಂಟರ್‌ವ್ಯೂಗೆ ಹೋದರೆ ಎದುರು ಕೂತ ಹುಡುಗರು ಗೌರವದಿಂದ ಎದ್ದು ನಿಂತಾರು ಎಂಬ ಭಯ ನನಗೆ.

ಇದು 2010ರ ದಶಕದ ನಡುವಿನ ಮಾತು. ಠಾಣೆ ಬಳಿಯ ಮಹಾಪೆಯಲ್ಲಿದ್ದ ನಮ್ಮ ಕಂಪನಿ ಕಂಟೇನರ್ ಯಾರ್ಡುಗಳ ಗೇಟಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಟ್ರೇಲರ್ ಲಾರಿ ಗೇಟಿಗೆ ಬರುತ್ತದೆ, ಅಲ್ಲಿನವನು ನಂಬರ್ ಒತ್ತುತ್ತಾನೆ, ಚೀಟಿ ಬರುತ್ತದೆ, ಅಡ್ಡಗಂಬ ಏಳುತ್ತದೆ. ಚೀಟಿ ಬರದಿದ್ದರೆ ಅಡ್ಡಗಂಬ ಏಳುವುದಿಲ್ಲ. ಹಿಂದೆ ಇನ್ನೊಂದು ಟ್ರೇಲರ್ ನಿಲ್ಲುತ್ತದೆ, ಅದರ ಹಿಂದೆ ಮತ್ತೊಂದು, ಸಾಲು ಹೆದ್ದಾರಿಗೆ ಮುಟ್ಟುತ್ತದೆ. ಆಮೇಲೆ ಫೋನು ನನಗೆ ಬರುತ್ತದೆ. ಆ ಚೀಟಿಯ ಹಿಂದಿದ್ದ ಸರ್ವರ್ ನನ್ನ ಸುಪರ್ದಿಯಲ್ಲಿತ್ತು. ವರ್ಷಗಟ್ಟಲೆ ಅದನ್ನು ಒಮ್ಮೆಯೂ ರೀಸ್ಟಾರ್ಟ್ ಮಾಡಿರಲಿಲ್ಲ. ದಸರೆಗೆ ಅದರ ಹಣೆಗೆ ಕುಂಕುಮ ಇಟ್ಟು ಚೆಂಡುಹೂವು ಸಿಕ್ಕಿಸುತ್ತಿದ್ದೆ. ಎಲ್ಲಿ ಏನು ನೋವು ಎಂದು ನನಗೆ ಗೊತ್ತಿತ್ತು. ಕೆಟ್ಟರೆ ಒಳಹೊಕ್ಕು ಒಂದು ಸಾಲು ಬದಲಿಸಿ ಹೊರಬರುತ್ತಿದ್ದೆ.

ಹೊಸ ಪದ್ಧತಿಯಲ್ಲಿ ಸರ್ವರಿಗೆ ಹೆಸರೂ ಇಲ್ಲ, ಹಣೆಯೂ ಇಲ್ಲ. ಒಂದು ಮೆಷಿನ್‌ನಲ್ಲಿ ಏನೇನು ಇರಬೇಕು ಎನ್ನುವುದನ್ನೆಲ್ಲ ಫೈಲುಗಳಲ್ಲಿ ಬರೆದಿಡಬೇಕು. ಗುಂಡಿ ಒತ್ತಿದರೆ ಆ ಬರಹದಂತೆ ಕ್ಲೌಡಿನಲ್ಲಿ ಹೊಸ ಮೆಷಿನ್ ತಾನಾಗಿ ಹುಟ್ಟಬೇಕು, ಸಾಫ್ಟ್‌ವೇರ್ ತಾನಾಗಿ ಕೂರಬೇಕು, ಪರೀಕ್ಷೆಗಳು ನಡೆಯಬೇಕು, ಪಾಸಾದರೆ ಗೇಟಿನ ಕೆಲಸ ಆ ಹೊಸ ಮೆಷಿನ್ ಕಡೆ ತಿರುಗಬೇಕು. ಕೆಟ್ಟರೆ ರಿಪೇರಿ ಮಾಡುವುದಿಲ್ಲ. ಫೈಲು ತಿದ್ದಿ, ಮೆಷಿನ್ ಅಳಿಸಿ, ಇನ್ನೊಂದು ಹುಟ್ಟಿಸುವುದು. ಕೇಳಿದಾಗ ಗಾಬರಿಯಾಯಿತು. ಆದರೆ ಗಾಬರಿ ನನಗೆ ಹೊಸದಲ್ಲ. ಬೆಳಿಗ್ಗೆ ಡೊಂಬಿವಲಿ ಸ್ಟೇಶನ್ನಿನ ಮೆಟ್ಟಿಲವರೆಗೆ ಹೋಗಿ, ಗ್ಯಾಸ್ ನೋಡಲು ಮನೆಗೆ ವಾಪಸು ಬರುವ ಮನುಷ್ಯ ನಾನು. ಹೆಂಡತಿ ಬಾಗಿಲಲ್ಲೇ ತಡೆಯುತ್ತಾಳೆ: “ಗ್ಯಾಸ್ ಬಂದ್ ಉಂಟು, ನಲ್ಲಿ ಬಂದ್ ಉಂಟು, ಇನ್ನು ನಿಮ್ಮ ತಲೆ ಒಂದು ಬಂದ್ ಮಾಡಿಕೊಂಡು ಹೋಗಿ ಮಾರಾಯ್ರೆ.”

ಜೊತೆಗೆ ಕೆಲಸ ಮಾಡಲು ಕೊಟ್ಟದ್ದು ಕಲ್ಯಾಣದ ಒಬ್ಬ ಹುಡುಗಿಯನ್ನು. ಹೊಸ ಪದ್ಧತಿಯನ್ನು ಅರೆದು ಕುಡಿದಿದ್ದವಳು. ಅಪ್ಪ ಅಮ್ಮ ಹುಬ್ಬಳ್ಳಿ ಕಡೆಯವರು, ಅವಳು ಹುಟ್ಟಿದ್ದು ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಇಬ್ಬರಿಗೂ ಅರ್ಥವಾಗುತ್ತಿತ್ತು. ಮೊದಲ ದಿನ “ಅಂಕಲ್” ಎಂದು ಕರೆದು ನಾಲಿಗೆ ಕಚ್ಚಿಕೊಂಡು “ಸರ್” ಎಂದಳು.

ಹಳೆಯ ಸರ್ವರಿನ ಒಂದೊಂದೇ ಗುಣವನ್ನು ನಾನು ಹೇಳುತ್ತ, ಅವಳು ಫೈಲಿನಲ್ಲಿ ಬರೆಯುತ್ತ ಹೋದೆವು. ಮೊದಲ ಮೆಷಿನ್ ಹುಟ್ಟಿತು. ಚೀಟಿಯ ಮೇಲೆ ವಿಲಾಯಿತಿಯ ಸಮಯ ಬಂತು. ತಿದ್ದಿದೆವು. ಎರಡನೆಯದರಲ್ಲಿ ಸಮಯ ಸರಿ, ಆದರೆ ನಡೆದದ್ದನ್ನು ದಾಖಲಿಸುವ ಲಾಗ್ ಫೋಲ್ಡರಿಗೆ ಬರೆಯಲು ಅನುಮತಿಯಿಲ್ಲದೆ ಸಾಫ್ಟ್‌ವೇರ್ ಏಳಲೇ ಇಲ್ಲ. ಅಷ್ಟರಲ್ಲಿ ಚಹಾದ ಹೊತ್ತು. ಅವಳು ಕೆಳಗೆ ಹೋದಳು. ನಾನು ಸುಮ್ಮನೆ ಒಂದು ಸಲ ಒಳಗೆ ಇಣುಕಿದೆ. ಇಣುಕಿದ ಮೇಲೆ ಒಂದು ಕಮಾಂಡ್ ಹೊಡೆದೆ. ಅವಳು ಬಂದು ಅದೇ ಮೆಷಿನ್ ಮೇಲೆ ಪರೀಕ್ಷೆಗಳನ್ನು ಮತ್ತೆ ನಡೆಸಿದಾಗ ಎಲ್ಲ ಹಸಿರು, ಅಂದರೆ ಪಾಸು. ಇಬ್ಬರೂ ಖುಷಿ.

ಹೀಗೆಯೇ ವಾರಗಳು ಹೋದವು. ನಾನಿರುವ ದಿನ ಎಲ್ಲ ಹಸಿರು. ಮೆಷಿನ್ ಹೊಸದಾಗಿ ಹುಟ್ಟಿದ ದಿನ ಎಲ್ಲೋ ಒಂದು ಕೆಂಪು. ನಾನು ಒಳಗೆ ಹೋಗಿ ಬಂದರೆ ಮತ್ತೆ ಹಸಿರು. ಆಶ್ಚರ್ಯವೆಂದರೆ, ನಾನು ಹಾಗೆ ಮಾಡುತ್ತಿದ್ದೇನೆ ಎಂಬುದು ನನಗೇ ಸರಿಯಾಗಿ ತಿಳಿದಿರಲಿಲ್ಲ. ಹಾದಿಯಲ್ಲಿ ಬಿದ್ದ ಚಪ್ಪಲಿಯನ್ನು ಕಾಲಿನಿಂದ ಬದಿಗೆ ಸರಿಸುವುದನ್ನು ಯಾರಾದರೂ ಕೆಲಸ ಎಂದು ಲೆಕ್ಕ ಹಿಡಿಯುತ್ತಾರೆಯೇ? ನನ್ನ ಮಟ್ಟಿಗೆ ಅದು ಬರೀ ‘ನೋಡುವುದು’ ಆಗಿತ್ತು. ಹೊಸ ಟೂಲೇ ಚಂಚಲ ಎಂದು ಮ್ಯಾನೇಜರಿಗೆ ದೂರನ್ನೂ ಕೊಟ್ಟೆ.

ಮ್ಯಾನೇಜರ್ ತಾಲೀಮು ನೋಡಲು ಬಂದ ದಿನ ನಾನು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದೆ. ಎಲ್ಲ ಹಸಿರಿದೆ, ಹುಡುಗಿ ಗುಂಡಿ ಒತ್ತಿದರೆ ಸಾಕು ಎಂಬ ಧೈರ್ಯ. ಅವಳು ಒತ್ತಿದಳು. ಹೊಸ ಮೆಷಿನ್ ಹುಟ್ಟಿತು, ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು. ಬಾಯಲ್ಲಿ ಹತ್ತಿ ತುರುಕಿಕೊಂಡು ದವಾಖಾನೆಯ ಹೊರಗೆ ನಿಂತಿದ್ದ ನನಗೆ ಮ್ಯಾನೇಜರ್ ಫೋನು. ನನಗೆ ಮಾತಾಡಲು ಬರುವಂತಿರಲಿಲ್ಲ. ‘ಉಂ, ಉಂ’ ಎನ್ನುತ್ತ ಕೇಳಿಸಿಕೊಂಡೆ.

ಮರುದಿನ ಹುಡುಗಿ ಲಾಗಿನ್ ದಾಖಲೆ ತೆರೆದಿಟ್ಟುಕೊಂಡು ಕಾದಿದ್ದಳು.

“ಸರ್, ಆಪ್ ಅಂದರ್ ಗಯೇ ಥೇ ಕ್ಯಾ?”

“ಯಾವಾಗ?”

“ರೋಜ್,” ಎಂದಳು. ದಿನಾ ಎಂದು.

ಉಪ್ಪಿನಕಾಯಿ ಭರಣಿಯಲ್ಲಿ ಕೈಯಿಟ್ಟು ಸಿಕ್ಕಿಬಿದ್ದವನ ಹಾಗೆ ನಿಂತೆ. “ನೋಡಲಿಕ್ಕೆ ಹೋಗಿದ್ದೆ ಅಷ್ಟೇ.”

“ದೇಖನೇ ಕೇ ಲಿಯೇ ರೂಟ್ ಲಗತಾ ಹೈ?” ಎಂದಳು. ಮೆಷಿನ್‌ನಲ್ಲಿ ಸರ್ವಾಧಿಕಾರ ಕೊಡುವ ಲಾಗಿನ್‌ಗೆ ರೂಟ್ ಎನ್ನುತ್ತಾರೆ. ಬರೀ ನೋಡಲು ಅದು ಬೇಕಾಗುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮ್ಯಾನೇಜರ್ ಬೈಯಲಿಲ್ಲ, ಅದು ಇನ್ನೂ ಕಷ್ಟ. ಯಾರ್ಡಿನವರು ಒಂದು ಭಾನುವಾರ ಊಟಕ್ಕೆ ಗೇಟು ಮುಚ್ಚುವ ಹೊತ್ತನ್ನು ಕೊಟ್ಟಿದ್ದಾರೆ, ಅದೇ ಕೊನೆಯ ಅವಕಾಶ ಎಂದರು. ಗೇಟು ತೆರೆಯುವುದರೊಳಗೆ ಹೊಸ ಮೆಷಿನ್‌ನಿಂದ ಚೀಟಿ ಬರಬೇಕು. ಇಲ್ಲದಿದ್ದರೆ ಹಳೆಯ ಸರ್ವರಿಗೆ ವಾಪಸು, ಮತ್ತು ಅದರೊಂದಿಗೆ ನಾನೂ ವೆಂಡರ್ ಚೌಕಕ್ಕೆ. “ಔರ್ ಏಕ್ ಬಾತ್,” ಎಂದರು, “ಕೋಯೀ ಅಂದರ್ ನಹೀ ಜಾಯೇಗಾ.” ಯಾರೂ ಒಳಗೆ ಹೋಗುವಂತಿಲ್ಲ ಎಂದು.

ಆ ಸಂಜೆ ಠಾಣೆಯಲ್ಲಿ ರೈಲು ಬದಲಿಸುವಾಗ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಸ್ಟೇಶನ್ ಹೊರಗೇ ನನ್ನ ಸೋದರಮಾವನ ವೆಜ್ ಹೋಟೆಲು. ಹೋದೆ. ಮಾವ ಗಲ್ಲಾದಲ್ಲಿ ಕೂತಿದ್ದರು. ವಿಚಿತ್ರವೆಂದರೆ ಮೂಲೆಯ ಮೇಜಿನಲ್ಲಿ, ಗಿರಾಕಿಯ ಹಾಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಟೆಲಿನ ಅಡುಗೆ ಭಟ್ಟರು ಕೂತಿದ್ದರು. ಎದುರಿಗೆ ಇಡ್ಲಿ, ಸಾಂಬಾರು. ಮುಖದಲ್ಲಿ ಪೊಲೀಸ್ ಠಾಣೆಗೆ ಕರೆಸಿಕೊಂಡವರ ಕಳೆ.

“ಇದೆಂತ ಮಾವ?”

“ಕಲ್ಯಾಣದಲ್ಲಿ ಇನ್ನೊಂದು ಹೋಟೆಲ್ ಹಾಕ್ತಾ ಇದ್ದೇನಲ್ಲ ಮಾರಾಯ,” ಎಂದರು ಮಾವ. ಮಾತು ತುಳುವಿನಲ್ಲಿ, ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ. “ಸಾಂಬಾರ್ ಎರಡು ಕಡೆ ಒಂದೇ ಬರಬೇಕು. ಅಳತೆ ಎಲ್ಲ ಬರೆಸಿದ್ದೇನೆ. ಬರೆದ ಅಳತೆಯಲ್ಲೇ ಮಾಡ್ತಾರೆ, ರುಚಿ ಬರ್ತದೆ. ಭಟ್ರು ಊರಿಗೆ ಹೋದ್ರೆ ಬರೋದಿಲ್ಲ. ಆಮೇಲೆ ನೋಡಿದ್ರೆ ಇವರು ಪ್ರತಿ ಸಲ ಪಾತ್ರೆ ಹತ್ರ ಹೋಗುವಾಗ ಕೈಯಲ್ಲಿ ಒಂದು ಚಿಟಿಕೆ ಏನೋ ಹಾಕ್ತಾರೆ. ಕೇಳಿದ್ರೆ ನಾನು ಹಾಕಲೇ ಇಲ್ಲ ಅಂತಾರೆ!”

“ಹಾಕಿದ್ದು ನೆನಪಿದ್ರೆ ಹೇಳ್ತಿರಲಿಲ್ವ?” ಎಂದರು ಭಟ್ಟರು, ಮೇಜಿನಿಂದಲೇ. ಒಂದು ತುತ್ತು ತಿಂದರು, ಮುಖ ಸಿಂಡರಿಸಿದರು, ತಟ್ಟನೆ ಎದ್ದು ಅಡುಗೆಮನೆಯ ಕಡೆ ಹೊರಟರು.

ಮಾವ ಗಲ್ಲಾದಿಂದಲೇ ಕೂಗಿದರು: “ಕೂತ್ಕೊಳ್ಳಿ ಭಟ್ರೇ! ಬಾಯಲ್ಲಿ ಹೇಳಿ. ಕೈ ಕೆಳಗೆ!”

ಭಟ್ಟರು ಕೂತರು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಆಮೇಲೆ ದೊಡ್ಡ ಸಂಕಟದಿಂದ ಹೇಳಿದರು, “ಬೆಲ್ಲ. ಇಳಿಸುವಾಗ. ಒಂದು ಸಣ್ಣ ಚೂರು.” ಅಡುಗೆಮನೆಯಲ್ಲಿ ಅವರ ಬದಲು ಸಾಂಬಾರು ಮಾಡುತ್ತಿದ್ದವನು ಬರೆದ ಅಳತೆಗೆ ಬೆಲ್ಲ ಸೇರಿಸಿದ.

ನನ್ನ ಕಾಫಿ ಆರಿಹೋಯಿತು. ಮಾವ ಕೇಳಿದರು, “ಎಂತದಾ, ಹಲ್ಲು ನೋವಾ?” ಹೌದೆಂದೆ.

ಮರುದಿನ ಆಫೀಸಿಗೆ ಹೋದವನೇ ಹುಡುಗಿಗೆ ನನ್ನ ಲಾಗಿನ್ ಕೀ ಅಳಿಸಲು ಹೇಳಿದೆ. ಹೊಸ ಮೆಷಿನ್‌ಗಳೊಳಗೆ ನನಗೆ ದಾರಿಯೇ ಇರಬಾರದು. ತುರ್ತಿಗೆ ಬೇಕಾದರೆ ಅವಳ ಕೀ ಒಂದೇ ಸಾಕು.

“ಪಕ್ಕಾ?” ಎಂದಳು.

“ಬೇಗ ಅಳಿಸು. ಯೋಚನೆ ಮಾಡಲು ಬಿಟ್ಟರೆ ಬೇಡ ಅಂತೇನೆ.”

ಅಳಿಸಿದಳು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನಿಂದ ಕಸಿದುಕೊಳ್ಳದೆ ಇದ್ದದ್ದನ್ನು ನಾನೇ ಕೊಟ್ಟೆ. ಉಗುರು ಕಿತ್ತ ಬೆರಳಿನ ಹಾಗೆ ಇಡೀ ದಿನ ಅಲ್ಲಿಗೇ ಗಮನ.

ಆಮೇಲಿನ ಕ್ರಮ ಹೀಗಿತ್ತು. ಅವಳು ಮೆಷಿನ್ ಅಳಿಸುವಳು, ಗುಂಡಿ ಒತ್ತಿ ಹೊಸದು ಹುಟ್ಟಿಸುವಳು. ನಾನು ಪಕ್ಕದಲ್ಲಿ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂರುವುದು. ಪರದೆ ಕೆಂಪಾದಾಗ ನನ್ನ ಬೆರಳುಗಳು ಗ್ಲಾಸಿನ ಮೇಲೆ ತಾವಾಗಿ ಕುಣಿಯುತ್ತಿದ್ದವು. ಆಗ ಅವಳು ನಿಲ್ಲಿಸಿ ಕೇಳುವಳು, “ಅಬ್ ಕ್ಯಾ ಕರನೇ ವಾಲೇ ಥೇ?” ಬೆರಳು ಏನು ಹೊಡೆಯಲು ಹೊರಟಿತ್ತು ಎಂದು ನಾನು ಬಾಯಲ್ಲಿ ಹೇಳಬೇಕು. ಫೋಲ್ಡರಿನ ಅನುಮತಿ. ಡಿಸ್ಕ್ ತುಂಬಿದಾಗ ಹಳೆಯ ಲಾಗ್ ಒರೆಸುವುದು. ಡೇಟಾಬೇಸ್ ಎದ್ದ ಮೇಲೆಯೇ ಸಾಫ್ಟ್‌ವೇರನ್ನು ಎಬ್ಬಿಸುವುದು. ಕೇಳಿಸಿಕೊಂಡದ್ದನ್ನು ಅವಳು ಫೈಲಿನಲ್ಲಿ ಬರೆಯುವಳು, ಮೆಷಿನ್ ಅಳಿಸುವಳು. ಚೆನ್ನಾಗಿಯೇ ಓಡುತ್ತಿರುವ ಮೆಷಿನ್ ಅನ್ನೂ ಅಳಿಸುವಳು. ಮೊದಮೊದಲು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬರಬರುತ್ತ ಒಂದು ಕಣ್ಣು ತೆರೆದಿಟ್ಟೆ. ಕೊನೆಗೆ ಸಾಲಾಗಿ ಹಸಿರು ಬರತೊಡಗಿತು, ನಾನು ಬರೀ ಚಹಾ ಕುಡಿದ ದಿನಗಳಲ್ಲೂ.

ಭಾನುವಾರ ಬಂತು. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್: ಹಳಿ ರಿಪೇರಿಗೆಂದು ಹಗಲಲ್ಲಿ ಸ್ಲೋ ಲೈನ್ ಮುಚ್ಚಿ ಎಲ್ಲ ಲೋಕಲ್‌ಗಳನ್ನೂ ಫಾಸ್ಟ್ ಲೈನಿಗೆ ತಳ್ಳುತ್ತಾರೆ. ಹಿಂದಿನ ದಿನವೆಲ್ಲ ನನಗೆ ಅದೇ ತಲೆಬಿಸಿ. ರಸ್ತೆಯಲ್ಲಿ ಹೋದರೆ ಶೀಳ್ ಫಾಟಾದ ಟ್ರಾಫಿಕ್, ರೈಲಿನಲ್ಲಿ ಹೋದರೆ ಬ್ಲಾಕ್.

“ಬೇಗ ಹೊರಡಿ, ಬಸ್ಸಲ್ಲಿ ಹೋಗಿ,” ಎಂದಳು ಹೆಂಡತಿ.

“ಫಾಟಾದಲ್ಲಿ ಸಿಕ್ಕಿಹಾಕಿಕೊಂಡ್ರೆ?”

“ಹಾಗಾದ್ರೆ ರೈಲಲ್ಲಿ ಹೋಗಿ.”

“ಬ್ಲಾಕಲ್ಲಿ ನಿಂತ್ರೆ?”

“ಹಾಗಾದ್ರೆ ಈಗ್ಲೇ ಹೋಗಿ ಆಫೀಸಲ್ಲೇ ಮಲಗಿ!”

ರೈಲನ್ನೇ ಹಿಡಿದೆ. ಬೇಗ ಹೊರಟಿದ್ದೆ, ಗ್ಯಾಸ್ ನೋಡಲು ಒಂದೇ ಸಲ ವಾಪಸು ಹೋಗಿದ್ದೆ. ಆದರೂ ಕೋಪರ್ ದಾಟಿದ ಮೇಲೆ ರೈಲು ನಿಂತಿತು. ಮುಂದೆ ಯಾವುದೋ ಗಾಡಿ ಕೆಟ್ಟಿದೆ ಎಂದರು. ತೆವಳಿತು, ನಿಂತಿತು. ದಿವಾ ಕಾಣುತ್ತಿತ್ತು, ಬರುತ್ತಿರಲಿಲ್ಲ. ಎರಡು ಲೈನಿನ ಜನ ಒಂದೇ ಗಾಡಿಯಲ್ಲಿ. ನನ್ನ ಮೂಗಿನ ಕೆಳಗೆ ಯಾರದೋ ನುಗ್ಗೆಕಾಯಿಯ ಕಟ್ಟು. ಊಟದ ಹೊತ್ತಾಯಿತು. ಯಾರ್ಡಿನ ಗೇಟು ಮುಚ್ಚಿತು. ಆಫೀಸಿನಲ್ಲಿ ಹುಡುಗಿ ನನಗೆ ಕಾಯದೆ ಗುಂಡಿ ಒತ್ತಿದಳು. ಕಾಯಬಾರದೆಂದು ಹೇಳಿದ್ದವನು ನಾನೇ.

ದಿವಾ ದಾಟುವಾಗ ಫೋನು ಬಂತು.

“ಸರ್, ಸಬ್ ಗ್ರೀನ್ ಹೈ, ಲೇಕಿನ್ ಸ್ಲಿಪ್ ನಹೀ ಆ ರಹಾ. ಗೇಟ್ ಕಾ ಪ್ರಿಂಟರ್ ಮಿಲ್ ಹೀ ನಹೀ ರಹಾ.”

ಎಲ್ಲ ಹಸಿರು, ಚೀಟಿ ಮಾತ್ರ ಇಲ್ಲ; ಗೇಟಿನ ಪ್ರಿಂಟರೇ ಮೆಷಿನ್‌ಗೆ ಸಿಗುತ್ತಿಲ್ಲ. ಏನಾಗಿದೆ ಎಂದು ತಕ್ಷಣ ಹೊಳೆಯಿತು. ತಾಲೀಮಿನಲ್ಲೆಲ್ಲ ನಾವು ಬಳಸಿದ್ದು ಆಫೀಸಿನ ಪ್ರಿಂಟರ್. ಗೇಟಿನ ಪ್ರಿಂಟರಿನ ಹೆಸರಿಗೆ ಅದರ ನೆಟ್‌ವರ್ಕ್ ವಿಳಾಸವನ್ನು ಜೋಡಿಸುವ ಒಂದು ಸಾಲನ್ನು ನಾನು ಯಾವುದೋ ಕಾಲದಲ್ಲಿ ಹಳೆಯ ಸರ್ವರಿನೊಳಗೆ ಕೈಯಾರೆ ಬರೆದಿದ್ದೆ. ಒಂದೇ ಒಂದು ಸಾಲು. ಅದು ಬಾಯಿಗೆ ಬಂದಿರಲಿಲ್ಲ, ಫೈಲಿಗೂ ಬಂದಿರಲಿಲ್ಲ.

ಹಾಗೆಂದು ಹೇಳಿದೆ. ಆ ಕಡೆಯಿಂದ, ನಾನು ಅಲ್ಲಿಯವರೆಗೆ ಒಮ್ಮೆಯೂ ಕೇಳಿರದ ಅವಳ ಕನ್ನಡ ಬಂತು, ಅಪ್ಪನ ಮನೆಯ ಕನ್ನಡ: “ಸರ್, ನಾ ಒಳಗ ಹೋಗಿ ಹಾಕಿಬಿಡ್ಲೇನು? ಒಂದ ಲೈನ್ ಐತಿ. ಗೇಟ್ ತೆಗಿಯೂ ಟೈಮ್ ಆಗಾಕತ್ತೈತಿ.”

ಅವಳ ಹಿಂದೆ ಮ್ಯಾನೇಜರ್ ಧ್ವನಿ ಕೇಳಿಸಿತು: “ರೋಲ್‌ಬ್ಯಾಕ್ ಕರೂಯಾ ಕಾ?” ಹಳೆಯ ಸರ್ವರಿಗೇ ವಾಪಸು ಹೋಗೋಣವೇ ಎಂದು.

ಒಳಗೆ ಹೋಗಿ ಒಂದು ಸಾಲು ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಚೀಟಿ ಬರುತ್ತದೆ, ಭಾನುವಾರ ಮುಗಿಯುತ್ತದೆ, ನಾನು ಮೊದಲ ಚೌಕದೊಳಗೆ. ಫೈಲಿನಲ್ಲಿ ಬರೆದು ಮೆಷಿನ್ ಅಳಿಸಿ ಮತ್ತೆ ಹುಟ್ಟಿಸಿದರೆ ಗೇಟು ತೆರೆಯುವ ಹೊತ್ತಿಗೆ ಮುಟ್ಟುತ್ತದೋ ಇಲ್ಲವೋ. ನನ್ನ ಬಾಯಿ ‘ಹಾಕಿಬಿಡು’ ಎನ್ನಲು ತೆರೆದಿತ್ತು. ಅದೇ ಕ್ಷಣದಲ್ಲಿ ತೊಡೆಯ ಕೆಳಗೆ ಕೈಯಿಟ್ಟುಕೊಂಡ ಭಟ್ಟರ ಮುಖ ನೆನಪಾದದ್ದು ನನ್ನ ಪುಣ್ಯವೋ ದುರದೃಷ್ಟವೋ ಆಗ ಗೊತ್ತಿರಲಿಲ್ಲ.

“ಬೇಡ. ಒಳಗೆ ಹೋಗಬೇಡ. ಫೈಲಿನಲ್ಲಿ ಬರೆ. ಈ ಮೆಷಿನ್ ಅಳಿಸು. ಮತ್ತೆ ಒತ್ತು.”

“ಸರ್, ಟೈಮ್…”

“ವಿಳಾಸ ಬರೆದುಕೋ.” ಪ್ರಿಂಟರಿನ ವಿಳಾಸದ ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳತೊಡಗಿದೆ. ಪಕ್ಕದವರೆಲ್ಲ ತಿರುಗಿ ನೋಡಿದರು. ರೈಲು ಒಮ್ಮೆಗೇ ಜೋರು ಹಿಡಿದು ಪಾರ್ಸಿಕ್ ಸುರಂಗಕ್ಕೆ ನುಗ್ಗಿತು. ಕೊನೆಯ ಅಂಕಿ ನನ್ನ ಬಾಯಿಂದ ಹೊರಟಿತು. ಅವಳ ಕಿವಿಗೆ ಮುಟ್ಟಿತೋ ಇಲ್ಲವೋ, ಫೋನು ಸತ್ತಿತ್ತು.

ಸುರಂಗದ ನಡುವೆ ರೈಲು ನಿಂತಿತು.

ಫ್ಯಾನುಗಳು ಗರಗರ ತಿರುಗುತ್ತಿದ್ದವು. ಕಿಟಕಿಯಾಚೆ ಕಪ್ಪು ಗೋಡೆ. ಗುಡ್ಡದ ಆ ಬದಿಗೆ ಮುಂಬ್ರಾದ ಜನ ಬಿಸಿಲಲ್ಲಿ ಸುಖವಾಗಿ ಫೋನಿನಲ್ಲಿ ಮಾತಾಡುತ್ತಿರುತ್ತಾರೆ ಎಂದು ಯೋಚಿಸಿ ಹೊಟ್ಟೆಕಿಚ್ಚಾಯಿತು. ನಾನು ಸಿಗ್ನಲ್ ಇಲ್ಲದ ಫೋನನ್ನು ತಲೆಯ ಮೇಲೆ ಎತ್ತಿದೆ, ಕೆಳಗಿಳಿಸಿದೆ, ಮತ್ತೆ ಎತ್ತಿದೆ. ಅಂಕಿ ಮುಟ್ಟದಿದ್ದರೆ? ಮುಟ್ಟಿಯೂ ಒಂದನ್ನು ಇನ್ನೊಂದಾಗಿ ಬರೆದಿದ್ದರೆ? ಮ್ಯಾನೇಜರ್ ಈಗಾಗಲೇ ಹಳೆಯದಕ್ಕೆ ತಿರುಗಿಸಿದ್ದರೆ? ನುಗ್ಗೆಕಾಯಿಯ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದ.

“ಕೋಯೀ ಸೀರಿಯಸ್ ಹೈ ಕ್ಯಾ?”

“ನಹೀ, ಮಶೀನ್ ಹೈ,” ಎಂದೆ.

“ಮಶೀನ್ ಪೇ ರಖಾ ಹೈ?” ಆಸ್ಪತ್ರೆಯ ಮೆಷಿನ್ ಮೇಲೆ ಯಾರನ್ನೋ ಇಟ್ಟಿದ್ದಾರೆಂದುಕೊಂಡು ಅವನ ದನಿ ಮೆತ್ತಗಾಯಿತು. ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟ. ಡೊಂಬಿವಲಿಯಿಂದ ಠಾಣೆಗೆ ಹೋಗುವ ರೈಲಿನಲ್ಲಿ ನನಗೆ ಯಾರಾದರೂ ಸೀಟು ಬಿಟ್ಟುಕೊಟ್ಟದ್ದು ಅದೇ ಮೊದಲು, ಅದೇ ಕೊನೆ. ಕೂತೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಮಾಡುವುದಕ್ಕೆ ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ.

ಬೆಳಕು ಬಿದ್ದಾಗ ಕಳ್ವಾ. ಫೋನು ಒಮ್ಮೆ ನಡುಗಿತು. ಹುಡುಗಿ ಕಳಿಸಿದ ಒಂದು ಫೋಟೋ. ಗೇಟಿನವನ ಹೆಬ್ಬೆರಳಿನ ಕೆಳಗೆ ಹಿಡಿದ ಚೀಟಿ. ಟ್ರೇಲರಿನ ನಂಬರ್, ಯಾರ್ಡಿನ ಹೆಸರು, ಸರಿಯಾದ ಸಮಯ. ನುಗ್ಗೆಕಾಯಿಯವನಿಗೆ ತೋರಿಸಿದೆ. ಅವನಿಗೆ ಏನರ್ಥವಾಯಿತೋ, ಕೈಮುಗಿದ.

ಮಹಾಪೆ ಮುಟ್ಟಿದಾಗ ಆಫೀಸಿನಲ್ಲಿ ವಡಾಪಾವಿನ ವಾಸನೆ. ಹುಡುಗಿ ಮತ್ತೆ ಹಿಂದಿಗೆ ಮರಳಿದ್ದಳು. ನಡೆದದ್ದನ್ನು ಹೇಳಿದಳು. ನನ್ನ ಕೊನೆಯ ಅಂಕಿ ಅವಳಿಗೆ ಕೇಳಿಸಿರಲಿಲ್ಲ. ಮ್ಯಾನೇಜರ್ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅವಳು ಗೇಟಿನ ಸೂಪರ್‌ವೈಸರಿಗೆ ಫೋನು ಮಾಡಿ, ಪ್ರಿಂಟರಿನ ಬಟನ್ ಒತ್ತಿಹಿಡಿದು ಅದರದ್ದೇ ಸೆಟ್ಟಿಂಗ್ ಪುಟವನ್ನು ಪ್ರಿಂಟ್ ಮಾಡಿಸಿದ್ದಳು. ವಿಳಾಸ ಅದರಲ್ಲೇ ಇತ್ತು. ಫೈಲಿನಲ್ಲಿ ಬರೆದಳು, ಅಳಿಸಿದಳು, ಒತ್ತಿದಳು. ಗೇಟಿನ ಮುಂದೆ ಟ್ರೇಲರುಗಳು ಇಂಜಿನ್ ಶುರುಮಾಡುವಷ್ಟರಲ್ಲಿ ಚೀಟಿ ಬಂತು.

“ಔರ್ ಸರ್,” ಎಂದಳು, ತುಸು ಸಂಕೋಚದಿಂದ, “ಆಪ್‌ಕಾ ನಂಬರ್ ಗಲತ್ ಥಾ.”

“ಕೊನೆಯ ಅಂಕಿಯಾ?”

“ನಹೀ. ಪೂರಾ.”

ನಾನು ರೈಲಿನಲ್ಲಿ ಕೂಗಿ ಹೇಳಿದ್ದು ಹಳೆಯ ಪ್ರಿಂಟರಿನ ವಿಳಾಸ; ಮಳೆಗಾಲಕ್ಕೆ ಮುಂಚೆ ಗೇಟಿನ ಪ್ರಿಂಟರ್ ಬದಲಾಗಿತ್ತು. ಹೊಸ ವಿಳಾಸವನ್ನು ಹಳೆಯ ಸರ್ವರಿನಲ್ಲಿ ಕೈಯಾರೆ ಬರೆದವನು ನಾನೇ. ಬೆರಳು ಬರೆದಿತ್ತು, ತಲೆಗೆ ಸುದ್ದಿ ಮುಟ್ಟಿಸಿರಲಿಲ್ಲ. ಸುರಂಗ ಬರದೆ ಹೋಗಿದ್ದರೆ ಅವಳು ನನ್ನನ್ನು ನಂಬಿ ಅದನ್ನೇ ಬರೆಯುತ್ತಿದ್ದಳು, ಮೆಷಿನ್ ಮತ್ತೊಮ್ಮೆ ಬೀಳುತ್ತಿತ್ತು, ಗೇಟು ತೆರೆಯುತ್ತಿತ್ತು.

ಮ್ಯಾನೇಜರ್ ವಡಾಪಾವ್ ಮುಗಿಸಿ ಕೈ ಒರೆಸಿಕೊಂಡು, ನಾಳೆಯಿಂದ ಎರಡನೇ ಯಾರ್ಡು, ಇಬ್ಬರೂ ಸೇರಿ ನೋಡಿ ಎಂದರು. ಅಷ್ಟೇ. ಬಿಳಿ ಹಲಗೆಯ ಚೌಕಗಳನ್ನು ಯಾರೋ ಆಗಲೇ ಒರೆಸಿದ್ದರು.

ಎಲ್ಲರೂ ಹೋದ ಮೇಲೆ ನನ್ನ ಕಂಪ್ಯೂಟರಿನ ಮುಂದೆ ಕೂತೆ. ಸುಮ್ಮನೆ, ನೋಡಲಿಕ್ಕೆ, ಹೊಸ ಮೆಷಿನ್‌ಗೆ ಲಾಗಿನ್ ಹೊಡೆದೆ. ಅನುಮತಿ ಇಲ್ಲ ಎಂದಿತು. ಇನ್ನೊಮ್ಮೆ ಹೊಡೆದೆ. ಅದೇ ಉತ್ತರ. ಒಳ್ಳೆಯದು ಎಂದು ಜೋರಾಗಿಯೇ ಹೇಳಿಕೊಂಡು ಎದ್ದೆ.

ಡೊಂಬಿವಲಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ಬಾಗಿಲು ತೆರೆದು ಮುಖ ನೋಡಿದಳು.

“ಎಂತಾಯ್ತು? ಕೆಲಸ ಉಂಟಾ?”

“ಉಂಟು.”

“ಮತ್ತೆ ಹೀಗೆ ಯಾಕೆ ನಿಂತಿದ್ದೀರಿ?”

“ಕೆಲಸ ಉಂಟು. ಕೈಗೆ ಮಾತ್ರ ಏನೂ ಇಲ್ಲ.”

“ಹೌದಾ,” ಎಂದು ಅವಳು ಒಳಗೆ ಹೋಗಿ, ಒಡೆದ ತೆಂಗಿನಕಾಯಿಯ ಎರಡು ಕಡಿಯನ್ನೂ ಹೆರೆಮಣೆಯನ್ನೂ ತಂದು ನನ್ನ ಮುಂದಿಟ್ಟಳು. “ಹಾಗಾದ್ರೆ ಕಾಯಿ ಹೆರೆದು ಕೊಡಿ. ಸಣ್ಣಕ್ಕೆ.”

ಕೂತು ಹೆರೆದೆ. ಬಹಳ ಸಣ್ಣಕ್ಕೆ ಹೆರೆದೆ. ಗ್ಯಾಸ್ ಬಂದ್ ಇದೆಯೇ ಎಂದು ಒಂದು ಸಲ ಕೇಳಿದೆ.